ಗೋಕರ್ಣದಲ್ಲಿ ಬೆರಳಿಗೆ ತಾಗಿದ್ದು

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ, ಅಷ್ಟೇ. ಮನೆಯ ಮಾಡು ಗಿರಗಿರ ತಿರುಗಿತು. ಗೋಡೆ ಹಿಡಿದರೆ ಗೋಡೆಯೂ ತಿರುಗುತ್ತಿತ್ತು. ಆಯಿ ನಿಂತಲ್ಲೇ ಕೈಮುಗಿದು, "ಮಹಾಬಲೇಶ್ವರಾ, ಇವಳನ್ನ ನೆಟ್ಟಗೆ ನಿಲ್ಲಿಸು, ನಿನ್ನ ಹತ್ರ ಕರ್ಕೊಂಡು ಬತ್ತೆ" ಎಂದು ಹರಕೆ ಹೇಳಿಕೊಂಡಳು.

ತೊಂದರೆ ಒಳಕಿವಿಯಲ್ಲಿತ್ತು. ಅಲ್ಲಿ ಬಳೆಯಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆಯಂತೆ, ಒಳಗೆಲ್ಲ ನೀರು. ಪಕ್ಕದಲ್ಲೇ ಮೆತ್ತನೆಯ ಅಂಟಿನ ಮೇಲೆ ಸುಣ್ಣದ ಹರಳುಗಳು. ತಲೆ ಬಗ್ಗಿತೋ, ಎದ್ದಿತೋ, ತಿರುಗಿತೋ ಎಂದು ಮಿದುಳಿಗೆ ತಿಳಿಸುವುದು ಇವೇ. ನನ್ನ ಒಂದಷ್ಟು ಹರಳು ಅಂಟು ಬಿಟ್ಟು ಕೊಳವೆಗೆ ಜಾರಿದ್ದವು. ಡಾಕ್ಟರು ನನ್ನ ತಲೆಯನ್ನು ಮೆಲ್ಲಗೆ ಒಂದು ಕ್ರಮದಲ್ಲಿ ಹೊರಳಿಸಿ ಅವನ್ನು ಹೊರಗೆ ಸರಿಸಿದರು. ಎರಡು ಸಲ ಹಾಗೆ ಮಾಡಿದ ಮೇಲೆ ಮಾಡು ತನ್ನ ಜಾಗದಲ್ಲಿ ನಿಂತಿತು. 42 ವರ್ಷ ಆ ಹರಳುಗಳು ನನ್ನನ್ನು ನಿಲ್ಲಿಸಿಕೊಂಡಿದ್ದವು. ಅವು ಇವೆ ಎಂದೇ ನನಗೆ ಗೊತ್ತಿರಲಿಲ್ಲ.

ಗೋಕರ್ಣಕ್ಕೆ ಹೋದಾಗ ಮೊದಲು ಮಹಾಗಣಪತಿಗೆ ನಮಸ್ಕಾರ ಮಾಡಿದೆವು. ಆತ್ಮಲಿಂಗವನ್ನು ನೆಲಕ್ಕಿಟ್ಟವನು ಅವನೇ ಅಲ್ವಾ. ರಾವಣ ಸಿಟ್ಟಿನಲ್ಲಿ ಕಿತ್ತ. ಲಿಂಗ ಹಸುವಿನ ಕಿವಿಯಂತೆ ತಿರುಚಿಕೊಂಡಿತು, ಮೇಲೆ ಬರಲಿಲ್ಲ. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಕಿವಿ ಎಂಬ ಮಾತು ನನ್ನೊಳಗೆ ಇಳಿದದ್ದು ಆ ದಿನವೇ.

ಮಹಾಬಲೇಶ್ವರನ ಗುಡಿಯ ಒಳಗೆ ಆ ಲಿಂಗ ಕಣ್ಣಿಗೆ ಕಾಣುವುದಿಲ್ಲ. ಸಾಲಿಗ್ರಾಮ ಪೀಠದ ನಡುವಿನ ಕುಳಿಯಲ್ಲಿ ಬೆರಳಿಟ್ಟರೆ ತುದಿ ಮಾತ್ರ ತಾಗುತ್ತದೆ. ಪೂರ್ತಿ ದರ್ಶನ ಅಷ್ಟಬಂಧದ ಹೊತ್ತಿನಲ್ಲಿ, 40 ವರ್ಷಕ್ಕೊಮ್ಮೆ ಎನ್ನುತ್ತಾರೆ. ದೇವರನ್ನು ಪೀಠದಲ್ಲಿ ಭದ್ರವಾಗಿ ಕೂರಿಸುವ ಅಂಟೇ ಅಷ್ಟಬಂಧ. ಅರಗು, ಜೇನುಮೇಣ, ಬೆಣ್ಣೆ, ಹೀಗೆ ಎಂಟು ವಸ್ತು ಸೇರಿಸಿ ಕುಟ್ಟಿ ಕುಟ್ಟಿ ಹದ ಮಾಡುತ್ತಾರೆ. ಕೆಲವು ಕಡೆಯ ಪದ್ಧತಿಯಲ್ಲಿ ಶಂಖದ ಪುಡಿಯೂ ಬೀಳುತ್ತದೆ. ಶಂಖವೂ ಸುಣ್ಣವೇ, ನನ್ನ ಕಿವಿಯ ಹರಳೂ ಸುಣ್ಣವೇ. ದೇವರ ಬಂಧವನ್ನೇ ಕಾಲಕಾಲಕ್ಕೆ ಹೊಸದು ಮಾಡಬೇಕು. ನನ್ನದು ಒಮ್ಮೆ ಸಡಿಲಾದದ್ದಕ್ಕೆ ತಿಂಗಳುಗಟ್ಟಲೆ ಅಷ್ಟೊಂದು ಹೆದರಿಕೊಂಡಿದ್ದೆನಲ್ಲ!

ಆದರೂ ಬಗ್ಗುವಾಗ ಎದೆ ಡವಡವ ಅಂದಿತು. ತಲೆ ಬಗ್ಗಿಸಿದರೆ ಮತ್ತೆ ಎಲ್ಲಿ ತಿರುಗುತ್ತದೋ ಎಂಬ ಭಯ. ಕಣ್ಣು ಮುಚ್ಚಿ ಬೆರಳು ಇಳಿಸಿದೆ. ತಣ್ಣಗೆ, ಒದ್ದೆಯಾಗಿ ತಾಗಿತು. ಬೇಡಿಕೊಳ್ಳಬೇಕೆಂದು ಬಂದದ್ದು ಒಂದೂ ನೆನಪಾಗಲಿಲ್ಲ. ಹಿಂದೆ ಆಯಿ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದಳು.