ಪೈಪಿಗೆ ಹತ್ತದ ಮುಳ್ಳುಸೌತೆ

ಟಕ್ ಅಂತ ಸದ್ದಾಯಿತು, ಅಷ್ಟೇ. ಒಂದು ಗೇಣು ಕುಡಿ ನನ್ನ ಕೈಯಲ್ಲಿತ್ತು, ಉಳಿದ ಬಳ್ಳಿ ಗ್ರೋ ಬ್ಯಾಗಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಆರೂವರೆ. ಬೆಂಗಳೂರಿನ ತಾರಸಿಯ ಮೇಲೆ ನಾನೊಬ್ಬನೇ ನಿಂತು, ಕಳ್ಳತನ ಮಾಡಿದವನ ಹಾಗೆ ಆಚೆ ಈಚೆ ನೋಡಿದೆ.

ಬೀಜ ಕಳಿಸಿದ್ದು ಅಮ್ಮ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮುಳ್ಳುಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ಹಚ್ಚಿಡುತ್ತಾರೆ. ಮಳೆ ಶುರುವಾದಾಗ ಅಲ್ಲಿಂದಲೇ ಕಿತ್ತು ಊರುವುದು. ನನಗೆ ಬಂದ 6 ಬೀಜಕ್ಕೂ ಆ ಬೂದಿ ಇನ್ನೂ ಅಂಟಿಕೊಂಡಿತ್ತು. 4 ಹುಟ್ಟಿದವು. ಒಂದನ್ನು ಪಾರಿವಾಳ ಕಿತ್ತು ಹಾಕಿತು. ಉಳಿದ ಮೂರಕ್ಕಾಗಿ ನಾನು ಒಂದೂವರೆ ಇಂಚಿನ ಪಿವಿಸಿ ಪೈಪ್ ತಂದು, ಎಲ್ಬೋ, ಟೀ ಎಲ್ಲ ಸೇರಿಸಿ ಏಣಿಯ ಹಾಗೆ ಒಂದು ಚೌಕಟ್ಟು ಕಟ್ಟಿದ್ದೆ. ಬಿಳಿ ಬಣ್ಣ, ಅಳತೆ ಕರಾರುವಾಕ್ಕು. ಫೋಟೋ ತೆಗೆದು ಆಫೀಸಿನ ಗೆಳೆಯರಿಗೂ ಕಳಿಸಿದ್ದೆ. 28 ದಿನವಾದರೂ ಬಳ್ಳಿ ಮಾತ್ರ ಅದನ್ನು ಹತ್ತಲಿಲ್ಲ. ಬುಡದಲ್ಲೇ ಹೊರಳಾಡುತ್ತಾ ನೀರಿನ ಟ್ಯಾಂಕಿನ ಕಡೆ ಹೊರಟಿತ್ತು. ಅದನ್ನು ಎತ್ತಿ, ಬಗ್ಗಿಸಿ, ಪೈಪಿಗೆ ಕಟ್ಟೋಣ ಅಂತ ಹೋಗಿ ಈ ಕೆಲಸ ಮಾಡಿಕೊಂಡೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಮುರಿದ ಕುಡಿ ತೋರಿಸಿದೆ.

"ಎಂತ ಮಾರಾಯ, ಬೆಳಗಾತ ಎದ್ದು ಬಳ್ಳಿ ಮುಟ್ತಾರೇನೋ?"

"ತಂಪು ಹೊತ್ತಲ್ವಾ ಅಂತ."

"ತಂಪು ನಿಂಗೆ. ಅದಕ್ಕೆ ಮೈ ತುಂಬ ನೀರು."

ವಿಷಯ ಇಷ್ಟೇ. ಸೌತೆಬಳ್ಳಿ ರಾತ್ರಿಯೆಲ್ಲ ನೀರೆಳೆದುಕೊಂಡು ಬೆಳಿಗ್ಗೆ ಬಿರುಸಾಗಿ ನಿಂತಿರುತ್ತದೆ. ಆಗ ಬಗ್ಗಿಸಿದರೆ ಎಳೆ ಹುರುಳಿಕಾಯಿಯ ಹಾಗೆ ಮುರಿಯುತ್ತದೆ. ಬಿಸಿಲಿಗೆ ಸ್ವಲ್ಪ ಸೊರಗಿದ ಮೇಲೆ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ, ಅದೇ ಬಳ್ಳಿ ಹೇಳಿದ ಮಾತು ಕೇಳುತ್ತದೆ. ನಾನು ಹುಟ್ಟಿ ಬೆಳೆದ ಮನೆಯ ಹಿತ್ತಲಲ್ಲಿ ಪ್ರತಿ ಮಳೆಗಾಲ ಸೌತೆ ಚಪ್ಪರ ಇರುತ್ತಿತ್ತು. ಆದರೂ ಇದು ಗೊತ್ತಿರಲಿಲ್ಲ. ಕಾಯಿ ಕೊಯ್ದು ಉಪ್ಪುಖಾರ ಹಚ್ಚಿಕೊಂಡು ತಿಂದದ್ದೊಂದೇ ನನ್ನ ಕೃಷಿ.

ಆಮೇಲೆ ಅಮ್ಮ ಪೈಪು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ ನಗು ಶುರುವಾಯಿತು. ಆಚೆಯಿಂದ ಅಪ್ಪನನ್ನೂ ಕರೆದು ತೋರಿಸಿದಳು.

"ಇಷ್ಟು ದಪ್ಪದ್ದನ್ನ ಅದು ಎಂತ ಹಿಡ್ಕೊಳ್ತದೆ? ಅದರ ಕೈ ನೋಡಿದೀಯಾ?"

ಕೈ ಅಂದರೆ ಎಲೆಯ ಬುಡದಿಂದ ಹೊರಡುವ ದಾರದಂಥ ಎಳೆ. ಊರಿನ ಚಪ್ಪರದಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಬರೀ ಭಾರ ಹೊರುವುದಕ್ಕೆ. ಬಳ್ಳಿ ಹತ್ತುವುದು ಬುಡದಲ್ಲಿ ನೆಟ್ಟ ಜಿಗ್ಗನ್ನು ಹಿಡಿದು. ಜಿಗ್ಗು ಅಂದರೆ ಪೆನ್ಸಿಲ್‌ಗಿಂತ ತೆಳು ಕಡ್ಡಿ, ಅದಕ್ಕೊಂದಿಷ್ಟು ಕವಲು, ಒರಟು ತೊಗಟೆ. ನನ್ನ ನುಣುಪಾದ, ಬಿಸಿಲಿಗೆ ಕಾಯುವ ಪೈಪಿನಲ್ಲಿ ಇದ್ಯಾವುದೂ ಇರಲಿಲ್ಲ. ತುಮಕೂರು, ಹಾಸನದ ಕಡೆ ಬಸ್ಸಿನ ಕಿಟಕಿಯಿಂದ ಮಿಡಿಸೌತೆ ಹೊಲ ಎಷ್ಟು ಸಲ ನೋಡಿದ್ದೇನೋ. ಕಂಬ, ಮೇಲೊಂದು ತಂತಿ, ತಂತಿಯಿಂದ ಇಳಿಬಿಟ್ಟ ದಾರ. ಉಪ್ಪಿನಕಾಯಿಗೆ ಅಂತ ವಿದೇಶಕ್ಕೆ ಹೋಗುವ ಆ ಪುಟ್ಟ ಕಾಯಿಗಳ ಬಳ್ಳಿ ಹತ್ತುವುದೂ ದಾರವನ್ನೇ. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬೆಂಗಳೂರಿನಲ್ಲಿ ಜಿಗ್ಗು ಎಲ್ಲಿ ಹುಡುಕುವುದು? ಅದೃಷ್ಟಕ್ಕೆ ನಮ್ಮ ರಸ್ತೆಯಲ್ಲಿ ಕರೆಂಟ್ ತಂತಿಗೆ ತಾಗುತ್ತಿದ್ದ ಹೊಂಗೆ ಕೊಂಬೆಗಳನ್ನು ಹಿಂದಿನ ವಾರವಷ್ಟೇ ಕಡಿದು ಬದಿಗೆ ರಾಶಿ ಹಾಕಿದ್ದರು. ಎರಡು ಕಂತೆ ಹೊತ್ತು ತಂದೆ. ನಾಲ್ಕು ಮಹಡಿ ಹತ್ತುವಾಗ ಮೂರನೇ ಮಹಡಿಯ ಆಂಟಿ, "ಹೋಮ ಇದೆಯಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ.

ಮೂರೂವರೆಗೆ ಮತ್ತೆ ತಾರಸಿ. ಕಡ್ಡಿಗಳನ್ನು ಪೈಪಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗದಿಂದ ಬಿಗಿದೆ. 1,800 ರೂಪಾಯಿಯ ಪೈಪಿಗೆ ಹೀಗೆ ಅಡಿಕೆ ದಬ್ಬೆಯ ಕೆಲಸ ಸಿಕ್ಕಿತು. ಹಳೇ ಪಂಚೆ ಹರಿದು ಬೆರಳಗಲದ ಪಟ್ಟಿ ಮಾಡಿದೆ. ಬಳ್ಳಿಗೊಂದು ಸುತ್ತು, ಕಡ್ಡಿಗೊಂದು ಸುತ್ತು, ನಡುವೆ ಎಂಟರ ಅಂಕಿಯ ಹಾಗೆ ತಿರುವು. ಬಳ್ಳಿಯ ಕಡೆ ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟೆ. ಕಾಂಡ ದಪ್ಪವಾಗುತ್ತದಲ್ಲ, ಬಿಗಿ ಕಟ್ಟಿದರೆ ಕತ್ತು ಹಿಸುಕಿದ ಹಾಗೆ. ಬಳ್ಳಿಗೆ ಎರಡೇ ಕಟ್ಟು. "ಜಾಸ್ತಿ ಬೇಡ, ಮುಂದಿನದ್ದು ಅದೇ ಮಾಡ್ಕೊಳ್ತದೆ" ಅಂತ ಫೋನಿನಲ್ಲೇ ಅಪ್ಪಣೆಯಾಗಿತ್ತು.

ಮಾಡಿಕೊಂಡಿತು. ಒಂದು ಎಳೆಯ ತುದಿಯನ್ನು ಕಡ್ಡಿಗೆ ಮೆಲ್ಲಗೆ ತಾಗಿಸಿ, ಟೀ ಮಾಡಿಕೊಂಡು ಬಂದೆ. ಅಷ್ಟರಲ್ಲಿ ಅದು ಕೊಕ್ಕೆಯಾಗಿತ್ತು. ಕತ್ತಲಾಗುವ ಹೊತ್ತಿಗೆ ಎರಡು ಸುತ್ತು. ಎರಡು ದಿನ ಬಿಟ್ಟು ನೋಡಿದರೆ ನಡುವಿನ ಭಾಗ ಹಳೇ ಲ್ಯಾಂಡ್‌ಲೈನ್ ಫೋನಿನ ವಯರಿನಂತೆ ಸುರುಳಿಯಾಗಿ, ಬಳ್ಳಿಯನ್ನು ಕಡ್ಡಿಯ ಹತ್ತಿರ ಎಳೆದುಕೊಂಡಿತ್ತು. ಸುರುಳಿ ಅರ್ಧ ದೂರ ಒಂದು ಕಡೆಗೆ ತಿರುಗಿ, ಮಧ್ಯೆ ತುಸು ನೇರವಾಗಿ, ಉಳಿದರ್ಧ ಉಲ್ಟಾ ತಿರುಗಿತ್ತು. ಎಲ್ಲ ಎಳೆಗಳಲ್ಲೂ ಹೀಗೇ. ಡಾರ್ವಿನ್ 1865ರಲ್ಲೇ ಹಬ್ಬುವ ಗಿಡಗಳ ಬಗ್ಗೆ ಬರೆಯುವಾಗ ಇದರ ಕಾರಣ ಹೇಳಿದ್ದಾನೆ. ಎರಡೂ ತುದಿ ಸಿಕ್ಕಿಬಿದ್ದ ದಾರ ಒಂದೇ ಕಡೆಗೆ ತಿರುಗುತ್ತಾ ಹೋದರೆ ಹೊಸೆದು ಹೊಸೆದು ಹರಿಯುತ್ತದೆ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ತಿರುಗಿದರೆ ಲೆಕ್ಕ ಚುಕ್ತಾ. ಜೊತೆಗೆ ಗಾಳಿ ಬೀಸಿದಾಗ ಸ್ಪ್ರಿಂಗಿನಂತೆ ಜಗ್ಗಿ ಬಿಡುತ್ತದೆ. ಅದರ ಮುಂದಿನ ವಾರ ರಾತ್ರಿ ಜೋರು ಗಾಳಿಮಳೆ. ಒಂದು ಎಳೆಯೂ ಬಿಟ್ಟಿರಲಿಲ್ಲ. ನನ್ನ ಪಂಚೆ ಕಟ್ಟೊಂದು ಬಿಚ್ಚಿಹೋಗಿತ್ತು.

ಕುಡಿ ಮುರಿದ ಬಳ್ಳಿ ಹೋಯಿತು ಅಂದುಕೊಂಡಿದ್ದೆ. ಹತ್ತು ದಿನಕ್ಕೆ ಅದರ ಎಲೆಸಂದಿಯಿಂದ ಎರಡು ಕವಲು ಬಂದವು. ಉಳಿದೆರಡು ಬಳ್ಳಿಗಳಲ್ಲಿ ಬರೀ ಗಂಡು ಹೂವಿನ ಜಾತ್ರೆ ನಡೆಯುತ್ತಿದ್ದಾಗ, ಹಿಂದೆ ಮಿಡಿ ಹೊತ್ತ ಹೆಣ್ಣು ಹೂವು ಮೊದಲು ಕಂಡದ್ದು ಈ ಕವಲಿನಲ್ಲೇ. ನಾಲ್ಕನೇ ಮಹಡಿಗೆ ಜೇನುಹುಳ ಬರುವುದು ಅಪರೂಪ. ಬೆಳಿಗ್ಗೆ ಏಳಕ್ಕೆ ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿಗೆ ತಾಗಿಸುವ ಕೆಲಸ ನನ್ನದಾಯಿತು. ಮರುದಿನಕ್ಕೆ ಇಟ್ಟರೆ ಹೂವು ಮುದುಡಿರುತ್ತದೆ, ಹಾಗಾಗಿ ರಜೆಯಿಲ್ಲ.

ಒಟ್ಟು 9 ಕಾಯಿ. ಜಿಗ್ಗಿನಿಂದ ಇಳಿಬಿದ್ದವು ನೇರ. ಎರಡು ಕಡ್ಡಿಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದು ಕುಡುಗೋಲಿನಂತೆ ಬಾಗಿತ್ತು. ಮೊದಲನೆಯದು ತೊಟ್ಟಿನ ಕಡೆ ಕಹಿ. ನಡುವೆ ಎರಡು ದಿನ ನೀರು ಹಾಕಲು ಮರೆತಿದ್ದೆ, ಅಮ್ಮನಿಗೆ ಹೇಳಲಿಲ್ಲ.

ಒಂದನ್ನು ಬೀಜಕ್ಕೆ ಬಿಟ್ಟಿದ್ದೇನೆ. ಹಣ್ಣಾಗಿ ಕಂದು ಬಣ್ಣಕ್ಕೆ ತಿರುಗಿದೆ. ಬೂದಿಯಲ್ಲಿ ಕಲಸಿ ಗೋಡೆಗೆ ಹಚ್ಚು ಅಂತ ಅಮ್ಮನ ಸೂಚನೆ. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ, ಬೂದಿಯನ್ನು ಇಸ್ತ್ರಿ ಗಾಡಿಯವರ ಹತ್ತಿರ ಕೇಳಿ ತಂದಾಯಿತು. ಗೋಡೆಗೆ ಮಾತ್ರ ಓನರು ಮಾರ್ಚ್‌ನಲ್ಲಷ್ಟೇ ಹೊಸ ಪೇಂಟ್ ಹೊಡೆಸಿದ್ದಾರೆ. ಫ್ರಿಜ್ಜಿನ ಹಿಂದುಗಡೆ ಹಚ್ಚಿದರೆ ಕಾಣುವುದಿಲ್ಲ ಅಂತ ನೋಡುತ್ತಿದ್ದೇನೆ.