ಫ್ರೇಮಿನೊಳಗೆ ಬಂದ ಮೊಣಕೈ

ಸೊಸೆ ದೇವರ ಮನೆ ಬಾಗಿಲಲ್ಲಿ ಕೂತು ಅಳುತ್ತಿದ್ದಾಳೆ. ಗ್ಲಿಸರಿನ್ ಚೆನ್ನಾಗಿ ಕೆಲಸ ಮಾಡಿದೆ. ಎಡಗಡೆ, ಕರ್ಟನ್ ಪಕ್ಕ, ಒಂದು ಮೊಣಕೈ. ನೀಲಿ ಚೆಕ್ಸ್ ಶರ್ಟು, ಮಡಚಿದ ತೋಳು, ಕೈಯಲ್ಲಿ ಸೀನ್ ಪೇಪರ್. ಡೈಲಾಗ್ ಪ್ರಾಂಪ್ಟ್ ಮಾಡುತ್ತಿರುವ ನಮ್ಮ ಅಸಿಸ್ಟೆಂಟ್ ಡೈರೆಕ್ಟರು.

ಆಗ ರಾತ್ರಿ ಹನ್ನೊಂದೂವರೆ. ಬೆಳಗ್ಗೆ ಕಂತು ಚಾನೆಲ್ಲಿಗೆ ಹೋಗಬೇಕು. ರೀಶೂಟ್ ಮಾತೇ ಇಲ್ಲ. ಶಾಟನ್ನು ನೂರಾ ಹನ್ನೆರಡು ಪರ್ಸೆಂಟಿಗೆ ಹಿಗ್ಗಿಸಿ, ಸ್ವಲ್ಪ ಎಡಕ್ಕೆ ತಳ್ಳಿದೆ. ಮೊಣಕೈ ಹೋಯಿತು. ಜೊತೆಗೆ ಸೊಸೆಯ ಮುಖದ ಶಾರ್ಪ್‌ನೆಸ್ಸೂ ಹೋಯಿತು. ಯಾರೂ ಕೇಳಲಿಲ್ಲ.

ನಾವು ಎಡಿಟ್ ಮಾಡಿ ಕೊಡುತ್ತಿದ್ದ ಚಾನೆಲ್ಲು (ಹೆಸರು ಬೇಡ) 4:3 ಚಿತ್ರ (ಅಗಲ ನಾಲ್ಕು ಪಾಲು, ಎತ್ತರ ಮೂರು) ಬಿಟ್ಟು ಅದಕ್ಕಿಂತ ಅಗಲದ 16:9ಕ್ಕೆ ಬಂದ ಮೊದಲ ವಾರದ ಕಥೆ ಇದು. ತಪ್ಪು ಆ ಹುಡುಗನದ್ದಲ್ಲ. ಎಷ್ಟೋ ವರ್ಷದಿಂದ ಅವನು ನಿಲ್ಲುತ್ತಿದ್ದದ್ದು ಅಲ್ಲೇ. ಕ್ಯಾಮೆರಾದಿಂದ ಎಷ್ಟು ದೂರ, ಸೋಫಾದಿಂದ ಎಷ್ಟು ಆಚೆ ನಿಂತರೆ ಕಾಣುವುದಿಲ್ಲ ಅಂತ ಅವನ ಮೈಗೇ ಗೊತ್ತಿತ್ತು. ಅವನು ಒಂದಿಂಚೂ ಕದಲಿರಲಿಲ್ಲ. ಫ್ರೇಮೇ ಅಗಲವಾಗಿ ಅವನ ಹತ್ತಿರ ಬಂದಿತ್ತು. ಅವನ ಜೊತೆಗೆ ಥರ್ಮಾಕೋಲ್ ಹಿಡಿದ ಲೈಟ್ ಹುಡುಗ, ಲೈಟ್ ಸ್ಟ್ಯಾಂಡಿನ ಕಾಲು, ಒಮ್ಮೆ ಕಾಫಿ ಫ್ಲಾಸ್ಕು ಕೂಡ ಬಂದವು.

ಎಷ್ಟು ಅಗಲ ಅಂತೀರಾ? ಮಗ್ಗಿ ನೆನಪಿದ್ದರೆ ಸಾಕು. ನಾಲ್ಕು ನಾಲ್ಕಲೆ ಹದಿನಾರು, ಮೂರು ಮೂರಲೆ ಒಂಬತ್ತು. ಎತ್ತರ ಅಷ್ಟೇ ಇಟ್ಟರೆ ಅಗಲ ಮೂರನೇ ಒಂದು ಭಾಗ ಜಾಸ್ತಿ. ಈ ಮಗ್ಗಿ ಲೆಕ್ಕ ಕಾಕತಾಳೀಯ ಇರಬಹುದು, ಆದರೆ ಅಳತೆ ಹುಟ್ಟಿದ ಕಥೆ ಚೆನ್ನಾಗಿದೆ. 80ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಅಂತ ಒಬ್ಬರಿದ್ದರು. ಆಗ ಬಳಕೆಯಲ್ಲಿದ್ದ ಟೀವಿ, ಸಿನಿಮಾ ಅಳತೆಗಳನ್ನೆಲ್ಲ ತೆಗೆದುಕೊಂಡು, ಒಂದೇ ವಿಸ್ತೀರ್ಣದ ಆಯತಗಳಾಗಿ ಕತ್ತರಿಸಿದರು. ಒಂದರ ಮೇಲೊಂದು, ನಡುಮಧ್ಯ ಸೇರುವಂತೆ ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಚೌಕಟ್ಟಿನ ಅಗಲ ಎತ್ತರದ 1.77 ಪಟ್ಟು. ಎಲ್ಲದಕ್ಕೂ ಸೇರಿದ ಒಳಗಿನ ಚೌಕಟ್ಟೂ 1.77. ಅದೇ 16:9. ಅಂದರೆ ಅದು ಯಾರ ಇಷ್ಟದ ಅಳತೆಯೂ ಅಲ್ಲ, ಎಲ್ಲರ ನಡುವಿನ ರಾಜಿ. ಹಳೆಯ 4:3 ಬಂದದ್ದು ಎಡಿಸನ್ನರ ಲ್ಯಾಬಿನಿಂದ. ಅಲ್ಲಿ ಡಿಕ್ಸನ್ ಎಂಬವರು 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ಎತ್ತರ ಅಂಚಿನ ನಾಲ್ಕು ತೂತಿನಷ್ಟು ಅಂತ ನಿಗದಿ ಮಾಡಿದ್ದರು. ಟೀವಿ ಆ ಆಕಾರವನ್ನೇ ಹಿಡಿದುಕೊಂಡಿತು.

ಮೊಣಕೈ ಸಮಸ್ಯೆ ಒಂದು ತಿಂಗಳಲ್ಲಿ ಮುಗಿಯಿತು. ಎಲ್ಲರೂ ಎರಡು ಹೆಜ್ಜೆ ಆಚೆ ನಿಲ್ಲಲು ಕಲಿತರು. ನಿಜವಾದ ತಲೆನೋವು ಬೇರೆ ಇತ್ತು. ಚಾನೆಲ್ಲು ಬದಲಾಯಿತು, ಮನೆಗಳಲ್ಲಿ ಟೀವಿ ಬದಲಾಗಿರಲಿಲ್ಲ. ಬೆಂಗಳೂರು, ಮೈಸೂರಿನ ಕೇಬಲ್ಲಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗಿದ್ದೇ 2013ರ ಮಾರ್ಚ್ ಕೊನೆಗೆ. ಊರುಗಳಲ್ಲಿ ಇನ್ನೂ ಹೊಟ್ಟೆ ದಪ್ಪದ 21 ಇಂಚಿನ ಟೀವಿಗಳೇ. ಅದರ ಮೇಲೆ 16:9 ಚಿತ್ರವನ್ನು ಪೂರ್ತಿ ತೋರಿಸಿದರೆ ಮೇಲೆ ಕೆಳಗೆ ಒಂದೂವರೆ ಇಂಚಿನ ಕಪ್ಪು ಪಟ್ಟಿ. ಜನ ಬೈಯುತ್ತಾರೆ. ಇಲ್ಲವೇ ಬಾಕ್ಸಿನಲ್ಲೇ ಎರಡೂ ಬದಿ ಕತ್ತರಿಸಿ ನಡುವಿನ ಭಾಗ ಮಾತ್ರ ತೋರಿಸಬೇಕು.

ಹಾಗಾಗಿ ನಮಗೆ ಬಂದ ಆದೇಶ: ಅಗಲವಾಗಿ ಶೂಟ್ ಮಾಡಿ, ಆದರೆ ಮುಖ್ಯವಾದ ಯಾವುದನ್ನೂ ಅಂಚಿನಲ್ಲಿ ಇಡಬೇಡಿ. ಮಾನಿಟರಿನಲ್ಲಿ 4:3ರ ಎರಡು ಗೆರೆ. ಮುಖ, ಅಕ್ಷರ, ಲೋಗೋ ಎಲ್ಲ ಆ ಗೆರೆಯೊಳಗೆ. ಹೊರಗೆ ಏನಿರಬೇಕು? ಕರ್ಟನ್ನು. ಸೋಫಾದ ಕೈ. ಪ್ಲಾಸ್ಟಿಕ್ ಹೂವಿನ ಕುಂಡ. ಆ ಕಾಲದ ಯಾವ ಧಾರಾವಾಹಿ ಬೇಕಾದರೂ ಈಗ ತೆಗೆದು ನೋಡಿ, ಪಾತ್ರಗಳೆಲ್ಲ ನಡುವೆ ಒತ್ತೊತ್ತಾಗಿ ನಿಂತಿರುತ್ತವೆ, ಎರಡೂ ಕಡೆ ಖಾಲಿ. ರಶ್ ಇರುವ ಬಸ್ಸಿನಲ್ಲಿ ಎರಡು ಸೀಟು ಬಿಟ್ಟು ನಿಂತ ಹಾಗೆ. ಅಷ್ಟು ದುಡ್ಡು ಹಾಕಿ ಅಗಲ ತಂದು, ಅಲ್ಲಿ ಕುಂಡ ಇಟ್ಟು ಕೂತೆವು.

ಬ್ರಿಟನ್ನಿನ ಬಿಬಿಸಿ ಇದೇ ಕಷ್ಟವನ್ನು ನಮಗಿಂತ ಮೊದಲೇ ಪಟ್ಟಿತ್ತು. 1998ರಲ್ಲಿ ಅಲ್ಲಿ ಡಿಜಿಟಲ್ ಟೀವಿ ಜೊತೆಗೆ ವೈಡ್‌ಸ್ಕ್ರೀನ್ ಬಂತು. ಹಳೆ ಸೆಟ್ಟಿನವರಿಗೆ 14:9 ಅಂತ ಒಂದು ನಡುದಾರಿ ಹಿಡಿದರು. ಬದಿಗಳಿಂದ ಎಂಟನೇ ಒಂದು ಭಾಗ ಕತ್ತರಿಸು, ಮೇಲೆ ಕೆಳಗೆ ಸಣ್ಣ ಪಟ್ಟಿ ಬಿಡು. ಎರಡೂ ಕಡೆ ಸ್ವಲ್ಪ ಸ್ವಲ್ಪ ನಷ್ಟ. ನನಗೆ ಅದು ಕೊನೆಪಕ್ಷ ಪ್ರಾಮಾಣಿಕ ಲೆಕ್ಕ ಅನಿಸುತ್ತದೆ.

ನಮ್ಮ ಕಡೆ ಇನ್ನೊಂದು ಗೊಂದಲ. ಎಸ್‌ಡಿಯಲ್ಲಿ (ಎಚ್‌ಡಿಗೂ ಮೊದಲಿನ ಮಾಮೂಲಿ ಟೀವಿ ಚಿತ್ರ) ಅಗಲ ಚಿತ್ರಕ್ಕೂ ಹಳೆ ಚಿತ್ರಕ್ಕೂ ಚುಕ್ಕಿಗಳು ಅಷ್ಟೇ, 720 ಅಡ್ಡ, 576 ಉದ್ದ. ಅಗಲ ಚಿತ್ರವನ್ನು ಹಿಂಡಿ ಅದರೊಳಗೆ ತುಂಬಿ, "ಇದನ್ನು ಹಿಗ್ಗಿಸಿ ತೋರಿಸು" ಅಂತ ಒಂದು ಗುರುತು ಅಂಟಿಸುತ್ತೇವೆ. ದಾರಿಯಲ್ಲಿ ಎಲ್ಲೋ ಆ ಗುರುತು ಬಿದ್ದುಹೋದರೆ ನಾಯಕ ನಾಯಕಿ ಇಬ್ಬರೂ ನುಗ್ಗೇಕಾಯಿ. ಜಾಹೀರಾತುಗಳದ್ದು ಇನ್ನೂ ಚಂದ. ಅಗಲದಲ್ಲಿ ತೆಗೆದದ್ದನ್ನು ಮೇಲೆ ಕೆಳಗೆ ಪಟ್ಟಿ ಹಾಕಿ 4:3 ಮಾಡಿರುತ್ತಿದ್ದರು. ಅದನ್ನು ನಾವು ಅಕ್ಕಪಕ್ಕ ಪಟ್ಟಿ ಹಾಕಿ ಮತ್ತೆ 16:9 ಮಾಡುತ್ತಿದ್ದೆವು. ನಾಲ್ಕೂ ಕಡೆ ಕಪ್ಪು, ನಡುವೆ ಅಂಚೆ ಚೀಟಿಯಷ್ಟು ಸೋಪು.

2016ರಿಂದ ಕನ್ನಡದ ಮನರಂಜನೆ ಚಾನೆಲ್ಲುಗಳ ಎಚ್‌ಡಿ ಬರತೊಡಗಿತು. ಎಚ್‌ಡಿಯಲ್ಲಿ 4:3ರ ಮಾತೇ ಇಲ್ಲ. ಮೆಲ್ಲಗೆ ಗೆರೆಗಳು ಮಾನಿಟರಿನಿಂದ ಮಾಯವಾದವು. ಒಂದು ದಿನ ನಮ್ಮ ಕ್ಯಾಮೆರಾಮನ್ ಅತ್ತೆಯನ್ನು ಬಲ ಅಂಚಿಗೆ, ಸೊಸೆಯನ್ನು ಎಡ ಅಂಚಿಗೆ ನಿಲ್ಲಿಸಿ, ನಡುವೆ ಖಾಲಿ ಊಟದ ಮೇಜು ಬಿಟ್ಟು ಶಾಟ್ ತೆಗೆದಿದ್ದರು. ಮಾತಿಲ್ಲ, ಹನ್ನೆರಡು ಸೆಕೆಂಡು. ನಾನು ಒಂದು ಫ್ರೇಮೂ ಕತ್ತರಿಸಲಿಲ್ಲ. ಹಳೆ ಟೀವಿಯಲ್ಲಿ ಅದನ್ನು ನೋಡಿದವರಿಗೆ ಬರೀ ಮೇಜು ಕಂಡಿರಬಹುದು, ಪಾಪ.

ಅರಸೀಕೆರೆ ಹತ್ತಿರದ ನಮ್ಮ ಮನೆಗೆ 32 ಇಂಚಿನ ಟೀವಿ ನಾನೇ ತಂದುಕೊಟ್ಟೆ. ಹಳೆ ಧಾರಾವಾಹಿಯ ಮರುಪ್ರಸಾರ ಬರುತ್ತಿತ್ತು. ಎರಡೂ ಕಡೆ ಮೂರೂವರೆ ಇಂಚು ಕಪ್ಪು.

"ಏನೋ ಇದು? ದುಡ್ಡು ಪೂರ್ತಿ ಕೊಟ್ಟು ಮುಕ್ಕಾಲು ಟೀವಿ ನೋಡ್ಬೇಕಾ?" ಅಂದರು ಅಪ್ಪ.

"ಅಪ್ಪ, ಚಿತ್ರ ಇರೋದೇ ಅಷ್ಟಗಲ. ಎಳೆದ್ರೆ ಮುಖ ಎಲ್ಲ ಅಗಲ ಆಗುತ್ತೆ."

"ಆಗ್ಲಿ ಬಿಡು. ಟೀವಿ ತುಂಬಾ ಬರ್ಲಿ."

ರಿಮೋಟಿನ ಒಂದು ಬಟನ್ನು ಅವರಿಗೆ ಸಿಕ್ಕಿಬಿಟ್ಟಿತ್ತು. ಒತ್ತಿದರು. ಎಲ್ಲರೂ ಉದ್ದಿನ ವಡೆ ಹಾಗೆ ಉಬ್ಬಿದರು. ಅಮ್ಮ ಒಳಗಿನಿಂದ ಬಂದು ನೋಡಿ, "ಈ ಹುಡುಗಿ ಈಗ ಚೆನ್ನಾಗಾಗಿದಾಳೆ, ಮೊದ್ಲು ತೀರಾ ಬಡಕಲು" ಅಂದರು.

ಆ ಹುಡುಗಿಯ ಸೀನ್‌ಗಳನ್ನು ಎಡಿಟ್ ಮಾಡಿದವನು ನಾನೇ. ಏನು ಹೇಳಲಿ? ಅವರಿಬ್ಬರೂ ಮಲಗಿದ ಮೇಲೆ ಸೆಟ್ಟಿಂಗ್ಸಿಗೆ ಹೋಗಿ 4:3 ಮಾಡಿ ಇಟ್ಟೆ. ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಅಪ್ಪ ಮತ್ತೆ ಎಳೆದು ಕೂತಿದ್ದರು.