ಪ್ರಗತಿ ಪತ್ರಕ್ಕೆ ಸಹಿ ಹಾಕುವ ಮೊದಲು

ಪ್ರಗತಿ ಪತ್ರ ಮನೆಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಶ್ರೇಣಿಯ ಕಡೆಗೆ. ‘ಎ’ ಇದ್ದರೆ ನಿರಾಳ, ‘ಬಿ’ ಇದ್ದರೆ ಬೈಗುಳ, ಕೆಳಗೊಂದು ಸಹಿ. ಆದರೆ ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಶ್ರೇಣಿ ಎನ್ನುವುದು ದೊಡ್ಡ ಕಣ್ಣಿನ ಜರಡಿ. ನೂರಕ್ಕೆ 90 ಮುಟ್ಟಿದರೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕೂ ಕೆಳಗೆ ಸಿ. ಹೋದ ಸಲ 86 ಇದ್ದದ್ದು ಈ ಸಲ 72ಕ್ಕೆ ಇಳಿದರೂ ಕಾಣುವುದು ಅದೇ ಎ. 70 ಇದ್ದದ್ದು 69 ಆದರೆ ಮಾತ್ರ ಮಗುವಿಗೆ ಏಟು. ಹಾಗಾಗಿ ಶ್ರೇಣಿ ಬಿಡಿ, ಅಂಕ ನೋಡಿ, ಹಿಂದಿನದರ ಪಕ್ಕದಲ್ಲಿಟ್ಟು ನೋಡಿ.

ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ರೂಪಣಾತ್ಮಕ ಮೌಲ್ಯಮಾಪನವಾದ ಎಫ್‌ಎಯಲ್ಲಿ ಚಟುವಟಿಕೆಗಳಿಗೂ ಕಿರು ಪರೀಕ್ಷೆಗೂ ಅಂಕ ಹಂಚಿರುತ್ತದೆ. ಎಸ್‌ಎ ಅಂದರೆ ದಸರಾ ರಜೆಗೆ ಮೊದಲು ಮತ್ತು ವರ್ಷದ ಕೊನೆಗೆ ನಡೆಯುವ ದೊಡ್ಡ ಪರೀಕ್ಷೆ. ಎಫ್‌ಎಯಲ್ಲಿ ಒಳ್ಳೆಯ ಅಂಕ ಬಂದು ಎಸ್‌ಎಯಲ್ಲಿ ಕುಸಿದರೆ, ಗೆಳೆಯರ ಜೊತೆ ಮಾಡಿದ್ದನ್ನು ಮಗುವಿಗೆ ಒಂಟಿಯಾಗಿ ಕೂತು ಬರೆಯಲು ಆಗುತ್ತಿಲ್ಲವೇ ಎಂದು ವಿಚಾರಿಸಬೇಕು. ಎಸ್‌ಎ ಚೆನ್ನಾಗಿದ್ದು ಎಫ್‌ಎ ಕಡಿಮೆ ಇದ್ದರೆ ಕಲಿಕೆಗಿಂತ ಮೊದಲು ಗೈರುಹಾಜರಿ, ಒಪ್ಪಿಸದ ಚಟುವಟಿಕೆಗಳ ಕಡೆ ನೋಡಿ.

ಹತ್ತನೇ ತರಗತಿಯವರಿಗೆ ಎಫ್‌ಎ ಇನ್ನೂ ಮುಖ್ಯ, ಅದರ ಅಂಕವೇ ಆಂತರಿಕ ಅಂಕವಾಗಿ ಕೊನೆಯ ಫಲಿತಾಂಶಕ್ಕೆ ಸೇರುತ್ತದೆ. ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 25 ಆಂತರಿಕ. ಉಳಿದ ವಿಷಯಗಳಲ್ಲಿ 80 ಅಂಕ ಪರೀಕ್ಷೆಗೆ, 20 ಆಂತರಿಕಕ್ಕೆ. ನಾಲ್ಕು ಎಫ್‌ಎಗೆ ತಲಾ 50ರಂತೆ 200, ಅದನ್ನು 20ಕ್ಕೆ ಇಳಿಸುತ್ತಾರೆ. ಎಫ್‌ಎಯಲ್ಲಿ 10 ಹೋದರೆ ಕೊನೆಗೆ ಹೋಗುವುದು ಒಂದೇ ಅಂಕ. ಒಂದು ಎಫ್‌ಎ ಪೂರ್ತಿ ತಪ್ಪಿದರೆ ಐದು.

ಅಂಕ ಎಲ್ಲಿ ಹೋಯಿತು ಎನ್ನುವುದು ಮಾತ್ರ ಪ್ರಗತಿ ಪತ್ರದಲ್ಲಿ ಸಿಗುವುದಿಲ್ಲ, ಉತ್ತರ ಪತ್ರಿಕೆಯಲ್ಲಿ ಸಿಗುತ್ತದೆ. ಅದನ್ನು ಕೇಳಿ ನೋಡಿ. ಪೆನ್ಸಿಲ್ ಹಿಡಿದು ಹೋದ ಅಂಕಗಳನ್ನು ಮೂರು ಗುಂಪು ಮಾಡಿ: ಬರೆಯದೇ ಬಿಟ್ಟದ್ದು, ಗೊತ್ತಿದ್ದೂ ತಪ್ಪಿದ್ದು, ಗೊತ್ತೇ ಇಲ್ಲದ್ದು. ಕೊನೆಯ ಪುಟಗಳಷ್ಟೇ ಖಾಲಿ ಇದ್ದರೆ ಬರವಣಿಗೆಯ ವೇಗ ಸಾಲುತ್ತಿಲ್ಲ. ಗಣಿತದಲ್ಲಿ ಬರೀ ಲೆಕ್ಕಗಳೆಲ್ಲ ಸರಿಯಿದ್ದು ವಾಕ್ಯರೂಪದವು ಮಾತ್ರ ತಪ್ಪಿದ್ದರೆ ತೊಂದರೆ ಬಹುತೇಕ ಓದಿ ಅರ್ಥ ಮಾಡಿಕೊಳ್ಳುವುದರಲ್ಲಿದೆ. ಅಂಥ ಮಗುವನ್ನು ಗಣಿತದ ಟ್ಯೂಷನ್ನಿಗೆ ಹಾಕಿ ಪ್ರಯೋಜನ ಕಡಿಮೆ. ದಿನಾ ಹದಿನೈದು ನಿಮಿಷ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಿಸಿ, ಓದಿದ್ದನ್ನು ಅವರ ಮಾತಿನಲ್ಲೇ ಹೇಳಿಸಿ.

ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಚಿಕ್ಕ ಮಕ್ಕಳ ‘ಪ್ರಗತಿ ನೋಟ’ ಬೇರೆಯೇ ಬಗೆಯದು. ಅಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ‘ಎಷ್ಟನೇ ರ್‍ಯಾಂಕ್?’ ಎಂಬ ಪ್ರಶ್ನೆಗೆ ಅಲ್ಲಿ ಅರ್ಥವಿಲ್ಲ. ‘ಈಗ ಯಾವ ಮೈಲಿಗಲ್ಲು? ಅಲ್ಲೇ ಎಷ್ಟು ದಿನದಿಂದ ಇದ್ದಾಳೆ?’ ಎಂದು ಕೇಳಿ. ಮಕ್ಕಳು ಕೂರುವ ಗುಂಪಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ; ಶಿಕ್ಷಕರ ಸಹಾಯದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಐದು ಗುಂಪುಗಳಿವೆ. ಮಗು ಅವುಗಳಲ್ಲಿ ಮುಂದೆ ಸಾಗುತ್ತಿದೆಯೇ ಎಂಬುದೇ ಅಲ್ಲಿನ ಪ್ರಗತಿ.

ಹಾಜರಾತಿಯನ್ನೂ ಮರೆಯಬೇಡಿ. 220ಕ್ಕೆ 180 ಎಂದರೆ ಶೇ. 82, ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ತಪ್ಪಿದ್ದು 40 ದಿನ, ವಾರಕ್ಕೆ ಆರು ದಿನದ ಲೆಕ್ಕದಲ್ಲಿ ಆರು ವಾರಕ್ಕೂ ಹೆಚ್ಚಿನ ಪಾಠ.

ಮಕ್ಕಳ ಪ್ರಗತಿಯನ್ನು ಪೋಷಕರ ಮುಂದಿಡುವ ‘ಸಮುದಾಯದತ್ತ ಶಾಲೆ’ ದಿನ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ‘ನಮ್ಮ ಹುಡುಗ ಹೇಗಿದ್ದಾನೆ ಟೀಚರ್?’ ಎಂದರೆ ‘ಪರವಾಗಿಲ್ಲ, ಇನ್ನೂ ಓದಬೇಕು’ ಎಂಬ ಉತ್ತರವೇ ಬರುವುದು. ‘ಈ ತಿಂಗಳು ಮನೆಯಲ್ಲಿ ಯಾವ ಒಂದು ವಿಷಯ ಮಾಡಿಸಲಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಮುಂದಿನ ಎಫ್‌ಎ ಬಂದಾಗ ಮೊದಲು ತೆಗೆದು ನೋಡಬೇಕಾದ್ದು ಆ ಚೀಟಿಯನ್ನು.